ಮೊದಲು ಮಳೆಯಲ್ಲಿ ಪಾರ್ಕ್ ನೋಡಿ, ಪ್ಲಾನ್ ಆಮೇಲೆ

ಟೀಚರ್, ಒಂಬತ್ತನೇ ಕ್ಲಾಸಿನ ಮಕ್ಕಳು ಮಂಗಳೂರಿನ ನಿಮ್ಮ ಬಡಾವಣೆಯ ಪಾರ್ಕಿಗೆ ಹೊಸ ಪ್ಲಾನ್ ಬಿಡಿಸಿದ ಫೋಟೊ ನೋಡಿದೆ. ಚಾರ್ಟ್ ತುಂಬ ಲಾನ್, ಕಾರಂಜಿ, ಸುತ್ತ ಇಂಟರ್‌ಲಾಕ್ ದಾರಿ. ಜೂನ್ 5ಕ್ಕೆ 60 ಗಿಡ ನೆಡಲು ಗುಂಡಿಯನ್ನೂ ತೋಡಿಸಿದ್ದೀರಿ. ದಯವಿಟ್ಟು ಸ್ವಲ್ಪ ನಿಲ್ಲಿಸಿ. ಉಡುಪಿಯಲ್ಲಿ ನಮ್ಮ ಪಾರ್ಕಿಗೆ ನಾನು ಇದನ್ನೇ ಮಾಡಿ ಕೈ ಸುಟ್ಟುಕೊಂಡಿದ್ದೇನೆ.

ನಮ್ಮದೂ ಮೊದಲು ಡ್ರಾಯಿಂಗ್ ಸ್ಪರ್ಧೆ, ಬಹುಮಾನ, ಆಮೇಲೆ ಗಿಡ. ಮುರಕಲ್ಲಿನ, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲಿನ ನೆಲ. ಪಿಕಾಸಿಯಲ್ಲಿ ಕಡಿದ ಗುಂಡಿಗೆ ಮಣ್ಣು, ಗೊಬ್ಬರ ತುಂಬಿ ಹಲಸು, ಪುನರ್ಪುಳಿ ನೆಟ್ಟೆವು. ಮಳೆ ಹಿಡಿದದ್ದೇ ತಡ, ರಸ್ತೆಯ ನೀರೆಲ್ಲ ಇಂಟರ್‌ಲಾಕ್ ಮೇಲೆ ಹರಿದು ಬಂದು ಗುಂಡಿಗಳಲ್ಲಿ ಕೂತಿತು. ಸುತ್ತ ಗಟ್ಟಿ ಕಲ್ಲು, ನೀರು ಎಲ್ಲಿಗೆ ಹೋಗಬೇಕು? ಆಗಸ್ಟಿನಲ್ಲಿ ಒಬ್ಬಳು ಹುಡುಗಿ ತಾನು ನೆಟ್ಟ ಹಲಸನ್ನು ಮೆಲ್ಲ ಎಳೆದಳು. ಸಲೀಸಾಗಿ ಕೈಗೆ ಬಂತು. ಬೇರು ಕಪ್ಪಾಗಿತ್ತು, ಅದರ ಸಿಪ್ಪೆ ಬೆರಳಿಗೆ ಅಂಟಿ ಜಾರಿತು, ಕೊಳೆತ ವಾಸನೆ. ಅವಳ ಹೆಸರಿನ ಚೀಟಿ ಮಾತ್ರ ಗಿಡದಲ್ಲಿ ಹಾಗೇ ಇತ್ತು. ಅವಳಿಗೆ ಏನು ಹೇಳಬೇಕೋ ನನಗೆ ಗೊತ್ತಾಗಲಿಲ್ಲ.

ಮರುವರ್ಷ ಚಾರ್ಟ್ ಮುಟ್ಟಲೇ ಇಲ್ಲ. ಮೊದಲು ಗೂಟ. ಅಡಿಕೆ ಮರ ಸೀಳಿ ಒಂದೂವರೆ ಅಡಿಯ 100 ಗೂಟ ಮಾಡಿಸಿದೆವು. ಹಳೆ ಸೀರೆ ಹರಿದು ಪಟ್ಟಿ ಕಟ್ಟಿದೆವು. ನೀರು ಹರಿಯುವ ಕಡೆ ಹಳದಿ, ನಿಲ್ಲುವ ಕಡೆ ಕೆಂಪು. ಜುಲೈಯಲ್ಲಿ ಜೋರು ಮಳೆ ಬಿಟ್ಟ ಅರ್ಧ ಗಂಟೆಯೊಳಗೆ ಮಕ್ಕಳನ್ನು ಕರೆದುಕೊಂಡು ಹೋಗಿ, ನೀರಿನ ಅಂಚಿಗೇ ಗೂಟ ಊರಿಸಬೇಕು. ಮರುದಿನ ಬೆಳಿಗ್ಗೆ ಮತ್ತೆ ಹೋಗಬೇಕು. ಆಗಲೂ ನೀರಿದ್ದರೆ ಆ ಗೂಟಕ್ಕೆ ಇನ್ನೊಂದು ಕೆಂಪು ಪಟ್ಟಿ. ಸುಣ್ಣದ ಗೆರೆ ಬೇಡ, ಮುಂದಿನ ಮಳೆಗೆ ತೊಳೆದು ಹೋಗುತ್ತದೆ. ಒಂದು ಮಳೆ ನೋಡಿ ತೀರ್ಮಾನ ಮಾಡಬೇಡಿ, ನಾಲ್ಕಾದರೂ ಬೇಕು. ಮೂರನೇ ಮಳೆಗೇ ನಮ್ಮ ಮಕ್ಕಳು ಹೇಳಿದರು, ಜಾರುಬಂಡಿ ಇರುವುದೇ ಡಬಲ್ ಕೆಂಪು ಜಾಗದಲ್ಲಿ, ಅದನ್ನು ಮೇಲಕ್ಕೆ ಸಾಗಿಸಿ ಇಲ್ಲಿ ನೀರು ಇಂಗುವ ತಗ್ಗು ತೋಟ ಮಾಡೋಣ ಅಂತ. ವರ್ಷಗಟ್ಟಲೆ ಅಲ್ಲೇ ವಾಕಿಂಗ್ ಮಾಡಿದ ನಮಗೆ ಅದು ಕಂಡಿರಲಿಲ್ಲ. ಗೂಟದಿಂದ ಗೂಟಕ್ಕೆ ಅಳತೆ ಹಿಡಿದ ಮೇಲೆಯೇ ನಕ್ಷೆ.

ಅಳತೆಗೆ ಫ್ರೀಮನ್ಸ್‌ನ 30 ಮೀಟರ್ ಫೈಬರ್ ಟೇಪ್ ತಗೊಳ್ಳಿ. ಸ್ಟೀಲ್ ಟೇಪ್ ನಮ್ಮ ಉಪ್ಪುಗಾಳಿಗೆ ಬೇಗ ತುಕ್ಕು ಹಿಡಿಯುತ್ತದೆ. ಬರೆಯಲು ನಟರಾಜ ಪೆನ್ಸಿಲ್ ಸಾಕು. ಜೆಲ್ ಪೆನ್ ಕೊಟ್ಟರೆ ನಾಲ್ಕು ಹನಿ ಬಿದ್ದಾಗ ಲೆಕ್ಕವೆಲ್ಲ ಕಲಸಿಹೋಗುತ್ತದೆ.

ಆದರೆ ಆರೆಂಜ್, ರೆಡ್ ಅಲರ್ಟ್ ದಿನ ಬೇಡವೇ ಬೇಡ. ಮೇ ತಿಂಗಳ ಗುಡುಗುಮಳೆಯಲ್ಲೂ ಬೇಡ, ಸಿಡಿಲಿನ ಭಯ. ಬರಿಗಾಲಲ್ಲಿ ನಿಂತ ನೀರಿಗೆ ಇಳಿಸಬೇಡಿ, ಇಲಿಜ್ವರ ನಮ್ಮ ಜಿಲ್ಲೆಗಳಿಗೆ ಹೊಸತಲ್ಲ. ಗಮ್‌ಬೂಟ್ ಇಲ್ಲದವರು ಒಣ ಜಾಗದಲ್ಲಿ ನಿಂತು ಬರೆದುಕೊಳ್ಳಲಿ.

ನಿಮ್ಮ ಫೋಟೊದ ಕೆಳಗೆ ಒಬ್ಬರು ಎಲ್ಲ ಕಡೆ ಇಂಗುಗುಂಡಿ ಮಾಡಿಸಿ ಅಂತ ಬರೆದಿದ್ದಾರೆ. ಸುಮ್ನೆ ಹಾಗೆ ಹೇಳಬಾರದು. ಮಂಗಳೂರಿನಲ್ಲಿ ಗುಡ್ಡ ಕಡಿದ ಜಾಗ ಜಾಸ್ತಿ. ಮುರಕಲ್ಲಿನ ಕೆಳಗೆ ಶೇಡಿ ಮಣ್ಣು ಇರುತ್ತದೆ. ಒಣಗಿದ್ದಾಗ ಗಟ್ಟಿ, ನೀರು ಕುಡಿದರೆ ಬಲವೇ ಇಲ್ಲ. ದರೆಯ (ಗುಡ್ಡ ಕಡಿದ ಕಡಿದಾದ ಅಂಚಿನ) ಹತ್ತಿರ, ತಡೆಗೋಡೆಯ ಹಿಂದೆ ನೀರು ಇಂಗಿಸಿದರೆ ದರೆಯೇ ಜರಿಯಬಹುದು. ಅಲ್ಲಿ ಲಾವಂಚ ನೆಟ್ಟು, ನೀರನ್ನು ಚರಂಡಿಗೆ ಬಿಡಿ. ಸಮತಟ್ಟು ಜಾಗದಲ್ಲೂ ತಗ್ಗಿನ ನೀರು ಎರಡು ದಿನದೊಳಗೆ ಇಂಗಬೇಕು. ವಾರ ನಿಂತರೆ ಸೊಳ್ಳೆ. ಮಲೇರಿಯಾ ಕಂಡ ಮಂಗಳೂರಿನವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ.

ತಗ್ಗು ಎಷ್ಟು ದೊಡ್ಡದು ಬೇಕು ಅನ್ನುವ ಲೆಕ್ಕ ಮಕ್ಕಳಿಂದಲೇ ಮಾಡಿಸಿ. ಒಂದು ಚದರ ಮೀಟರಿಗೆ 1 ಮಿ.ಮೀ. ಮಳೆ ಅಂದರೆ 1 ಲೀಟರ್. 10 ಸೆಂಟ್ಸ್, ಅಂದರೆ ಸುಮಾರು 405 ಚದರ ಮೀಟರ್ ಜಾಗದಲ್ಲಿ 100 ಮಿ.ಮೀ. ಬಿದ್ದರೆ 40,000 ಲೀಟರ್ ದಾಟಿತು. ಗಣಿತದ ಪಾಠದಲ್ಲಿ ಆಕಳಿಸುವ ಹುಡುಗನೂ ಆ ಲೆಕ್ಕ ಬಿಡದೆ ಮಾಡಿದ್ದನ್ನು ನೋಡಿದ್ದೇನೆ.

ಬಿಸಿಲಿಗೆ ನೆಲ ಎಷ್ಟು ಕಾಯುತ್ತದೆ ಅನ್ನುವ ಅಳತೆಯನ್ನೂ ಮಾಡಿಸಿ, ಅದನ್ನು ಮಾರ್ಚ್ ಮೊದಲ ವಾರ ಮುಗಿಸಿ, ಆಮೇಲೆ ಪರೀಕ್ಷೆ, ರಜೆ. ಕೊರೊನಾ ಕಾಲದ ಜ್ವರ ನೋಡುವ ಗನ್ ಶಾಲೆಯಲ್ಲಿದ್ದರೆ ಅದೇ ಆಗುತ್ತದೆ. ಮೈ ಬಿಸಿಯಿಂದ ವಸ್ತುವಿನ ಬಿಸಿಗೆ ಬದಲಿಸಿಕೊಳ್ಳಿ, ಇಲ್ಲದಿದ್ದರೆ 43 ಡಿಗ್ರಿ ಆಸುಪಾಸಿನಲ್ಲೇ ‘ಹೈ’ ಅಂತ ನಿಂತುಬಿಡುತ್ತದೆ. ಮಧ್ಯಾಹ್ನ ಎರಡು ಗಂಟೆಗೆ ಇಂಟರ್‌ಲಾಕ್ ಮೇಲೊಮ್ಮೆ, ಗೋಳಿಮರದ (ಆಲದ ಮರದ) ಅಡಿ ಮಣ್ಣಿನ ಮೇಲೊಮ್ಮೆ ಹಿಡಿಯಲಿ. ಇಂಟರ್‌ಲಾಕ್ ಎಲ್ಲಿ ಬೇಕು, ಎಲ್ಲಿ ಬೇಡ ಅಂತ ಅವರೇ ಹೇಳುತ್ತಾರೆ.

ಗಿಡಕ್ಕೆ ಬಂದರೆ, ಡಬಲ್ ಕೆಂಪು ಜಾಗಕ್ಕೆ ಹೊಳೆಮತ್ತಿ, ಹೊಳೆದಾಸವಾಳ, ಹೊಂಗೆ. ಒಣ ಎತ್ತರಕ್ಕೆ ರೆಂಜೆ, ನೇರಳೆ, ಅಂಚಿಗೆ ಕೇಪುಳ. ಗುಲ್‌ಮೊಹರ್ ಮಕ್ಕಳು ಆಡುವಲ್ಲಿ ಬೇಡ, ಗಾಳಿಗೆ ಕೊಂಬೆ ಮುರಿಯುತ್ತದೆ. 60 ಕೂಡ ಬೇಡ. ಈ ವರ್ಷ 15 ನೆಡಿ, ಅದೂ ನಾಲ್ಕು ಮಳೆ ನೋಡಿದ ಮೇಲೆ. ಜನವರಿಯಿಂದ ಮೇ ತನಕ ನೀರು ಹಾಕುವವರು ಯಾರು ಅಂತ ಪ್ರತಿ ಗಿಡದ ಎದುರು ಹೆಸರು ಬರೆದಿಟ್ಟುಕೊಳ್ಳಿ. ಪಾರ್ಕಿನ ಪಕ್ಕದ ಮನೆಯವರಾದರೆ ಒಳ್ಳೆಯದು, ರಜೆಯಲ್ಲಿ ಮಕ್ಕಳು ಅಜ್ಜಿಮನೆಗೆ ಹೋಗಿರುತ್ತಾರೆ.

ತೋಡಿದ ಗುಂಡಿ ಇದೆಯಲ್ಲ, ನಾಳೆ ಬೆಳಿಗ್ಗೆ ಐದಾರು ಗುಂಡಿಗೆ ತಲಾ ಒಂದು ಕೊಡಪಾನ ನೀರು ಹೊಯ್ಯಿಸಿ. ಇಂಗಿದ ಮೇಲೆ ಇನ್ನೊಂದು ಕೊಡಪಾನ. ಎರಡನೆಯದು ಇಂಗಲು ಎಷ್ಟು ಹೊತ್ತು ಬೇಕಾಯಿತು ಅಂತ ಇಲ್ಲೇ ಬರೆಯಿರಿ. ಯಾವ ಗುಂಡಿ ಮುಚ್ಚಬೇಕು ಅಂತ ನೋಡಿ ಹೇಳುತ್ತೇನೆ.