ತುಮಕೂರಿನಲ್ಲೇ ಇದ್ದುಕೊಂಡು ಎ ಪ್ಲಸ್, ಸಿಸಿಎನ್‌ಎ ಪರೀಕ್ಷೆಗೆ ಓದಬಹುದಾ?

ಬಿಸಿಎ ಮುಗಿದಿದೆ, ಪಿಯುಸಿವರೆಗೂ ಕನ್ನಡ ಮಾಧ್ಯಮ, ಕೆಲಸಕ್ಕೆ ಒಂದು ಸರ್ಟಿಫಿಕೇಟ್ ಬೇಕು ಅನ್ನಿಸುತ್ತಿದೆ, ಬೆಂಗಳೂರಲ್ಲಿ ಪಿಜಿ ಹಿಡಿದು ಕೋಚಿಂಗ್ ಸೇರಬೇಕಾ, ಎ ಪ್ಲಸ್ (ಕಂಪ್ಯೂಟರ್ ರಿಪೇರಿ, ಸಪೋರ್ಟ್ ಕೆಲಸದ್ದು) ಮೊದಲಾ ಸಿಸಿಎನ್‌ಎ (ಸಿಸ್ಕೋ ಕಂಪನಿಯ ನೆಟ್‌ವರ್ಕಿಂಗ್ ಪರೀಕ್ಷೆ) ಮೊದಲಾ ಅಂತ ಕೇಳಿದ್ದೀರಿ.

ಇಲ್ಲೇ ಕೂತು ಓದಿ. ಪಿಜಿ ಬಾಡಿಗೆಗೆ ಕೊಡುವ ದುಡ್ಡು ಪರೀಕ್ಷೆ ಶುಲ್ಕಕ್ಕೇ ಬೇಕಾಗುತ್ತದೆ. ನಾನು ವಸಂತನರಸಾಪುರದ ಕಡೆ ಒಂದು ಕಾರ್ಖಾನೆಯಲ್ಲಿ ಐಟಿ ಸಪೋರ್ಟ್ ನೋಡಿಕೊಳ್ಳುತ್ತೇನೆ. ಈ ಎರಡನ್ನೂ ಊರಲ್ಲೇ ಇದ್ದುಕೊಂಡು ಓದಿದ್ದು. ಹೊಸ ಹುಡುಗರನ್ನು ತಗೊಳ್ಳುವಾಗ ಇಂಟರ್‌ವ್ಯೂಗೂ ಕೂರುತ್ತೇನೆ, ಹಾಗಾಗಿ ಆ ಕಡೆಯಿಂದ ಕಂಡದ್ದನ್ನೂ ಸೇರಿಸಿ ಹೇಳುತ್ತೇನೆ.

ನನ್ನ ಸಲಹೆ ಸ್ವಲ್ಪ ವಿಚಿತ್ರ ಅನ್ನಿಸಬಹುದು: ಎ ಪ್ಲಸ್ ಸಿಲಬಸ್ ಪೂರ್ತಿ ಓದಿ, ಆದರೆ ಪರೀಕ್ಷೆ ಅಂತ ದುಡ್ಡು ಕಟ್ಟುವುದು ಸಿಸಿಎನ್‌ಎಗೆ ಮಾತ್ರ. ಕಾಂಪ್ಟಿಯಾ ಅನ್ನುವ ಸಂಸ್ಥೆಯ ಎ ಪ್ಲಸ್ ಒಂದು ಪರೀಕ್ಷೆ ಅಲ್ಲ, ಎರಡು. ಈಗಿನ ಆವೃತ್ತಿಯಲ್ಲಿ 220-1201 ಮತ್ತು 220-1202. ಎರಡಕ್ಕೂ ಬೇರೆ ಬೇರೆ ಶುಲ್ಕ, ಎರಡರಲ್ಲೂ ಪಾಸಾದರೆ ಮಾತ್ರ ಸರ್ಟಿಫಿಕೇಟ್. ಸಿಸಿಎನ್‌ಎ ಒಂದೇ ಪರೀಕ್ಷೆ, 300 ಡಾಲರ್, ಮೇಲೆ ತೆರಿಗೆ. ಎರಡೂ ಸರ್ಟಿಫಿಕೇಟಿನ ಆಯುಸ್ಸು 3 ವರ್ಷ. ಕಂಪನಿಯವರೇ ಎ ಪ್ಲಸ್ ಬೇಕು ಅಂದರೆ ಆ ಮಾತು ಬೇರೆ. ಇಲ್ಲದಿದ್ದರೆ ನಮ್ಮ ಕಡೆ ಸಿಸಿಎನ್‌ಎಗೇ ಬೆಲೆ ಜಾಸ್ತಿ.

ಹಾಗಾದರೆ ಎ ಪ್ಲಸ್ ಯಾಕೆ ಓದಬೇಕು? ಕೆಲಸಕ್ಕೆ ಸೇರಿದ ದಿನ ಎದುರಿಗೆ ಬರುವುದು ಅದೇ. ಪ್ರಿಂಟರ್, ರ‍್ಯಾಮ್, ವಿಂಡೋಸ್ ಅಪ್‌ಡೇಟ್, ನೆಟ್ ಬರದ ಕಂಪ್ಯೂಟರ್. ಮೊದಲ ಪತ್ರಿಕೆಯಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಅಂಕ ಬರೀ ತೊಂದರೆ ಹುಡುಕಿ ಸರಿಮಾಡುವುದಕ್ಕೇ ಇದೆ. ಕಾಂಪ್ಟಿಯಾ ವೆಬ್‌ಸೈಟಿನಲ್ಲಿ ಪರೀಕ್ಷೆಯ ವಿಷಯಗಳ ಪಟ್ಟಿ ಉಚಿತವಾಗಿ ಸಿಗುತ್ತದೆ. ಅದನ್ನು ಪ್ರಿಂಟ್ ಹಾಕಿಸಿ ಗೋಡೆಗೆ ಅಂಟಿಸಿಕೊಳ್ಳಿ. ಅದರಲ್ಲಿ ಇಲ್ಲದ್ದನ್ನು ಸದ್ಯಕ್ಕೆ ಬಿಡಿ. ಪಾಠಕ್ಕೆ ಯೂಟ್ಯೂಬಿನಲ್ಲಿ ಪ್ರೊಫೆಸರ್ ಮೆಸ್ಸರ್ ವಿಡಿಯೋಗಳು ಸಾಕು, ಪುಕ್ಕಟೆ. ಜೊತೆಗೆ ಹಳೇ ಕಂಪ್ಯೂಟರ್ ಒಂದನ್ನು ಬಿಚ್ಚಿ ಜೋಡಿಸಿ. ಮನೆಯಲ್ಲಿ ಇಲ್ಲದಿದ್ದರೆ ಪರಿಚಯದ ರಿಪೇರಿ ಅಂಗಡಿಯಲ್ಲಿ ಸಂಜೆ ಹೊತ್ತು ಸುಮ್ನೆ ಕೂತರೂ ಆಯಿತು, ಕೈಗೆ ಕೆಲಸ ತಾನಾಗೇ ಬರುತ್ತದೆ.

ಆದರೆ ಅಂಗಡಿ ಕಲಿಕೆಗೂ ಪರೀಕ್ಷೆಗೂ ಒಂದು ವ್ಯತ್ಯಾಸ ಇದೆ. ಪ್ರಶ್ನೆ ಹೀಗಿರುತ್ತದೆ ಅಂದುಕೊಳ್ಳಿ: ಒಬ್ಬರ ಕಂಪ್ಯೂಟರಿಗೆ ನೆಟ್ ಇಲ್ಲ. ಟೆಕ್ನಿಷಿಯನ್ ಕೇಬಲ್ ಬದಲಾಯಿಸಿದ, ನೆಟ್ ಬಂತು. ಮುಂದೆ ಏನು ಮಾಡಬೇಕು? ಅಂಗಡಿಯಲ್ಲಾದರೆ ದುಡ್ಡು ಇಸ್ಕೊಂಡು ಕಳಿಸೋದು. ಪುಸ್ತಕ ಓದಿದವರು ‘ಬರೆದಿಡಬೇಕು’ ಅಂತಾರೆ. ಸರಿ ಉತ್ತರ ಎರಡೂ ಅಲ್ಲ. ಎಲ್ಲ ಕೆಲಸ ಮಾಡುತ್ತಿದೆಯಾ ಅಂತ ಪೂರ್ತಿ ಪರೀಕ್ಷಿಸಬೇಕು, ಮತ್ತೆ ಹಾಗಾಗದಂತೆ ನೋಡಬೇಕು, ಬರೆದಿಡುವುದು ಅದಾದ ಮೇಲೆ. ಇಂಥ ಪ್ರಶ್ನೆಗಳಲ್ಲಿ ‘ನೆಕ್ಸ್ಟ್’, ‘ಫಸ್ಟ್’, ‘ಬೆಸ್ಟ್’ ಅನ್ನುವ ಪದವನ್ನು ದೊಡ್ಡಕ್ಷರದಲ್ಲಿ ಹಾಕಿರುತ್ತಾರೆ. ಕನ್ನಡ ಮಾಧ್ಯಮದವರು ಅಂತ ಹೆದರಬೇಡಿ, ವ್ಯಾಕರಣ ಯಾರೂ ಕೇಳಲ್ಲ. ಪ್ರಶ್ನೆಯ ಕೊನೇ ಸಾಲನ್ನು ಮೊದಲು ಓದಿ, ಆಮೇಲೆ ಕಥೆ ಓದಿ. ದಿನಾ ಹತ್ತು ಪ್ರಶ್ನೆ ಹಾಗೆ ಓದಿದರೆ ಇಂಗ್ಲಿಷ್ ಭಯ ಅರ್ಧ ಹೋಗುತ್ತದೆ.

ಸಿಸಿಎನ್‌ಎಯಲ್ಲಿ ಜನ ಎಡವುವುದು ಸಬ್‌ನೆಟ್ಟಿಂಗಿನಲ್ಲಿ, ಅಂದರೆ ಒಂದು ನೆಟ್‌ವರ್ಕನ್ನು ಚಿಕ್ಕ ಚಿಕ್ಕ ತುಂಡು ಮಾಡುವ ಲೆಕ್ಕದಲ್ಲಿ. 192.168.10.70/26 ಅಂತ ಒಂದು ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಕಂಪ್ಯೂಟರಿನ ನಂಬರ್) ಕೊಟ್ಟು, ಇದು ಯಾವ ನೆಟ್‌ವರ್ಕಿಗೆ ಸೇರಿದ್ದು ಅಂತ ಕೇಳುತ್ತಾರೆ. ವಿಳಾಸದಲ್ಲಿ ಒಟ್ಟು 32 ಬಿಟ್, ಅದರಲ್ಲಿ 26 ಬಿಟ್ ನೆಟ್‌ವರ್ಕಿಗೆ ಹೋದರೆ ಉಳಿಯುವುದು 6. ಆರು ಎರಡುಗಳನ್ನು ಒಂದಕ್ಕೊಂದು ಗುಣಿಸಿದರೆ 64. ಅಂದರೆ 0, 64, 128, 192 ಅಂತ ನಾಲ್ಕು ತುಂಡು. 70 ಬೀಳುವುದು ಎರಡನೇ ತುಂಡಿನಲ್ಲಿ. ನೆಟ್‌ವರ್ಕ್ 64, ಬ್ರಾಡ್‌ಕಾಸ್ಟ್ (ಆ ತುಂಡಿನ ಎಲ್ಲರಿಗೂ ಒಟ್ಟಿಗೆ ಕಳಿಸುವ ವಿಳಾಸ) 127, ನಡುವೆ 65ರಿಂದ 126ರವರೆಗೆ 62 ಕಂಪ್ಯೂಟರಿಗೆ ಕೊಡಬಹುದು. ಬೈನರಿಯಲ್ಲಿ ಉದ್ದುದ್ದ ಬರೆದು ಕಲಿಸುವ ಮೇಷ್ಟ್ರುಗಳಿದ್ದಾರೆ. ಒಂದು ಸಲ ಹಾಗೆ ಮಾಡಿ ಅರ್ಥ ಮಾಡಿಕೊಳ್ಳಿ, ಆಮೇಲೆ ಮಗ್ಗಿ ಥರ ಈ ದಾರಿ. ಬಸ್ಸಲ್ಲಿ ನಿಂತಿದ್ದಾಗಲೂ ಮನಸ್ಸಲ್ಲೇ ಮಾಡಬಹುದು.

ಉಳಿದದ್ದಕ್ಕೆ ಪ್ಯಾಕೆಟ್ ಟ್ರೇಸರ್ ಇದೆ, ಕಂಪ್ಯೂಟರಿನಲ್ಲೇ ನೆಟ್‌ವರ್ಕ್ ಕಟ್ಟಿ ನೋಡುವ ಸಾಫ್ಟ್‌ವೇರ್. ಸಿಸ್ಕೋ ನೆಟ್‌ವರ್ಕಿಂಗ್ ಅಕಾಡೆಮಿಯಲ್ಲಿ ಹೆಸರು ನೋಂದಾಯಿಸಿದರೆ ಉಚಿತ, ಸಾಧಾರಣ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಎರಡು ಸ್ವಿಚ್, ಒಂದು ರೂಟರ್ ಹಾಕಿ, ಎರಡು ವಿಲ್ಯಾನ್ (ಒಂದೇ ಸ್ವಿಚ್‌ನಲ್ಲಿ ಬೇರೆ ಬೇರೆ ಮಾಡಿದ ನೆಟ್‌ವರ್ಕ್) ಮಾಡಿ, ಅವು ಪರಸ್ಪರ ಪಿಂಗ್ ಆಗುವಂತೆ, ಅಂದರೆ ಒಂದು ಕರೆದರೆ ಇನ್ನೊಂದು ಓಗೊಡುವಂತೆ ಮಾಡಿ. ಆಮೇಲೆ ನೀವೇ ಬೇಕಂತಲೇ ಕೆಡಿಸಿ. ಒಂದೇ ಕೇಬಲ್‌ನಲ್ಲಿ ಎರಡೂ ವಿಲ್ಯಾನ್ ಸಾಗಿಸುವ ಟ್ರಂಕ್ ತೆಗೆದರೆ ಏನಾಗುತ್ತದೆ? ತಾನಾಗೇ ಐಪಿ ಹಂಚುವ ಡಿಎಚ್‌ಸಿಪಿ ನಿಲ್ಲಿಸಿದರೆ ಕಂಪ್ಯೂಟರಿಗೆ 169.254ರಿಂದ ಶುರುವಾಗುವ ಐಪಿ ಬರುತ್ತದಾ? ಇಂಟರ್‌ವ್ಯೂನಲ್ಲಿ ನಾನು ಕೇಳುವುದೂ ಇದನ್ನೇ. ‘169.254 ಕಂಡರೆ ಮೊದಲು ಏನು ನೋಡ್ತೀಯಾ’ ಅಂದಾಗ ಡಂಪ್ (ಕದ್ದು ಮಾರುವ ಪರೀಕ್ಷೆ ಪ್ರಶ್ನೋತ್ತರ) ಬಾಯಿಪಾಠ ಮಾಡಿ ಪಾಸಾದವರು ಸೀಲಿಂಗ್ ನೋಡುತ್ತಾರೆ.

ಡಂಪ್ ವಿಷಯ ಬಂದದ್ದಕ್ಕೆ ಹೇಳುತ್ತೇನೆ. ಟೆಲಿಗ್ರಾಂನಲ್ಲಿ ‘ನೂರಕ್ಕೆ ನೂರು ಇದೇ ಪ್ರಶ್ನೆ’ ಅಂತ ಮಾರುತ್ತಾರೆ. ಎಷ್ಟೋ ಉತ್ತರ ತಪ್ಪೇ ಇರುತ್ತದೆ. ಸಿಕ್ಕಿಬಿದ್ದರೆ ಸರ್ಟಿಫಿಕೇಟ್ ರದ್ದು, ಮತ್ತೆ ಬರೆಯಲೂ ಬಿಡದಿರಬಹುದು.

ಪರೀಕ್ಷೆಯ ದಿನದ ಲೆಕ್ಕ ಒಂದಿಷ್ಟು. ಸಿಸಿಎನ್‌ಎಗೆ 120 ನಿಮಿಷ. ಒಂದು ಪ್ರಶ್ನೆ ದಾಟಿದರೆ ವಾಪಸ್ ಬರುವ ಹಾಗಿಲ್ಲ, ಹಾಗಾಗಿ ಗೊತ್ತಿಲ್ಲದಿದ್ದರೂ ಏನಾದರೂ ಒಂದು ಗುರುತು ಹಾಕಿಯೇ ಮುಂದೆ ಹೋಗಿ. ಎ ಪ್ಲಸ್ ಬರೆದರೆ ಅದರಲ್ಲಿ ವಾಪಸ್ ಬರಬಹುದು. 90 ನಿಮಿಷಕ್ಕೆ ಹೆಚ್ಚೆಂದರೆ 90 ಪ್ರಶ್ನೆ. ಮೊದಲಿಗೇ ಸಿಮ್ಯುಲೇಶನ್ ಥರದ ದೊಡ್ಡ ಪ್ರಶ್ನೆ ಎದುರಾದರೆ ಅದನ್ನು ಕೊನೆಗೆ ಇಟ್ಟುಕೊಳ್ಳಿ. ಮುಂದೆ ಎಂದಾದರೂ ಅಮೆಜಾನಿನ ಕ್ಲೌಡ್ ಪರೀಕ್ಷೆ ಬರೆದರೆ, ಇಂಗ್ಲಿಷ್ ಮಾತೃಭಾಷೆ ಅಲ್ಲದವರಿಗೆ 30 ನಿಮಿಷ ಹೆಚ್ಚುವರಿ ಸಿಗುತ್ತದೆ. ಬುಕ್ ಮಾಡುವ ಮೊದಲೇ ಕೇಳಿಕೊಳ್ಳಬೇಕು, ಆಮೇಲೆ ಕೇಳಿದರೆ ಬರಲ್ಲ.

ಹೆಸರಿನ ಬಗ್ಗೆ ಹುಷಾರು. ನಮ್ಮಲ್ಲಿ ಇನಿಷಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ ಇರುತ್ತದೆ ಅಲ್ವಾ? ಪರೀಕ್ಷೆ ಬುಕ್ ಮಾಡುವ ಕಡೆ ಮೊದಲ ಹೆಸರು, ಕೊನೆಯ ಹೆಸರು ಅಂತ ಎರಡು ಖಾನೆ ಇರುತ್ತದೆ. ನೀವು ತೋರಿಸುವ ಗುರುತಿನ ಚೀಟಿಯಲ್ಲಿ ಹೇಗಿದೆಯೋ ಹಾಗೇ ತುಂಬಿ. ಯಾವ ಚೀಟಿ ನಡೆಯುತ್ತದೆ ಅಂತ ಬುಕ್ ಮಾಡುವಾಗಲೇ ಪಟ್ಟಿ ನೋಡಿಕೊಳ್ಳಿ.

ಮನೆಯಿಂದಲೇ ಆನ್‌ಲೈನ್ ಬರೆಯಬಹುದು, ಆದರೆ ನಾನು ಬೇಡ ಅಂತೀನಿ. ಕೋಣೆಯಲ್ಲಿ ನೀವೊಬ್ಬರೇ ಇರಬೇಕು, ಮೇಜು ಖಾಲಿ ಇರಬೇಕು, ಪ್ರಶ್ನೆಯನ್ನು ಬಾಯಲ್ಲಿ ಗುನುಗುವ ಹಾಗೂ ಇಲ್ಲ. ನಡುವೆ ಕರೆಂಟ್ ಹೋದರೆ, ಅಜ್ಜಿ ಬಾಗಿಲು ತೆಗೆದು ಕಾಫಿ ತಂದರೆ ಕಥೆ ಮುಗಿಯಿತು. ಈ ಪರೀಕ್ಷೆಗಳನ್ನು ನಡೆಸುವ ಪಿಯರ್ಸನ್ ವ್ಯೂ ಕೇಂದ್ರಗಳು ಬೆಂಗಳೂರಲ್ಲಿ ಬೇಕಾದಷ್ಟಿವೆ. ಬೆಳಗಿನ ಸ್ಲಾಟ್ ತಗೊಂಡು ಬಸ್ಸಲ್ಲಿ ಹೋದರೆ ಗೊರಗುಂಟೆಪಾಳ್ಯದ ಟ್ರಾಫಿಕ್‌ನಲ್ಲೇ ಅರ್ಧ ಜೀವ ಹೋಗುತ್ತದೆ. ಮಧ್ಯಾಹ್ನದ ಸ್ಲಾಟ್ ಬುಕ್ ಮಾಡಿ, ಬೆಳಗ್ಗೆ ಯಶವಂತಪುರಕ್ಕೆ ರೈಲು ಹಿಡಿಯಿರಿ.