ಮಂಡಿ ನೋವಿಗೆ ಗ್ಲುಕೋಸಮೈನ್ ಸಾಕಾ?

ಓಟ ನಿಲ್ಲಿಸದೆ, ಕೀಲಿಗೆ ಒಳ್ಳೆಯದೆಂದು ಮಾರುವ ಗ್ಲುಕೋಸಮೈನ್ ಮಾತ್ರೆಯಿಂದಲೇ ಮಂಡಿ ನೋವು ಹೋಗುತ್ತಾ ಅಂತ ಕೇಳಿದ್ದೀರಿ. ಅದೊಂದನ್ನೇ ನಂಬಬೇಡಿ. 2006ರಲ್ಲಿ ಪ್ರಕಟವಾದ ಅಮೆರಿಕದ ‘ಗೇಟ್’ (GAIT) ಎಂಬ ಅಧ್ಯಯನದಲ್ಲಿ ಮಂಡಿ ಸವೆತ ಇದ್ದವರಿಗೆ ದಿನಕ್ಕೆ 1500 ಮಿಲಿಗ್ರಾಂನಂತೆ 24 ವಾರ ಕೊಟ್ಟು ನೋಡಿದರು. ಒಟ್ಟಾರೆ, ಔಷಧವಿಲ್ಲದ ಮಾತ್ರೆಗಿಂತ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ.

ಮೆಟ್ಟಿಲು ಇಳಿಯುವಾಗ ಮಂಡಿಚಿಪ್ಪಿನ ಸುತ್ತ ನೋವು ಅಂದಿದ್ದೀರಲ್ಲ, ಅದು ಸವೆತವೇ ಆಗಿರಬೇಕಿಲ್ಲ. ಓಡುವವರಲ್ಲಿ ಈ ನೋವು ತುಂಬಾ ಸಾಮಾನ್ಯ. ತೊಡೆ, ಸೊಂಟದ ಸ್ನಾಯು ಗಟ್ಟಿಯಾದರೆ ಎಷ್ಟೋ ಜನರಿಗೆ ಕಡಿಮೆಯಾಗುತ್ತದೆ. ಸದ್ಯಕ್ಕೆ ಓಡುವ ದೂರ ತಗ್ಗಿಸಿ. ಕೈ ಊರದೆ ಕುರ್ಚಿಯಿಂದ ನಿಧಾನವಾಗಿ ಎದ್ದು, ಅಷ್ಟೇ ನಿಧಾನವಾಗಿ ಕೂರುವುದರಿಂದ ಶುರು ಮಾಡಿ.

ಮಾತ್ರೆ ಬೇಕೇ ಅನ್ನಿಸಿದರೆ ಒಂದು ಎಚ್ಚರ: ಬಹಳಷ್ಟು ಗ್ಲುಕೋಸಮೈನ್ ಸಿಗಡಿ, ಏಡಿ ಚಿಪ್ಪಿನದು, ಅಲರ್ಜಿ ಇದ್ದರೆ ಬೇಡ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಔಷಧ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರನ್ನು ಕೇಳದೆ ಮುಟ್ಟಲೇಬೇಡಿ. ಮಂಡಿ ಊದಿದರೆ, ಮಡಚಿದ್ದು ಬಿಡಿಸಲಾಗದಿದ್ದರೆ ಬೇಗ ತೋರಿಸಿ.