ಪ್ರತಿಕ್ರಿಯೆ: ಕೊಡಗಿನ ನಾಪೋಕ್ಲಿನಲ್ಲಿರುವ ಅಮ್ಮನನ್ನು ಬೆಂಗಳೂರಿಗೆ ಕರೆತರಬೇಕೆ?

ಅಪ್ಪ ತೀರಿಕೊಂಡ ಮೇಲೆ 72ರ ಅಮ್ಮ ತೋಟದ ಮನೆಯಲ್ಲಿ ಒಬ್ಬರೇ, ಮೂರು ತಿಂಗಳಿಂದ ಊಟ ನಿದ್ದೆ ಕಡಿಮೆ, ಸಂತೆಗೂ ಇಳಿಯುತ್ತಿಲ್ಲ ಎಂದಿದ್ದೀರಿ. ಒಂಟಿತನದ ಜೊತೆ ಖಿನ್ನತೆ ಸೇರಿರುವ ಸಾಧ್ಯತೆಯೇ ಹೆಚ್ಚು. ಆದರೆ ಥೈರಾಯ್ಡ್ ತೊಂದರೆ, ವಿಟಮಿನ್ ಬಿ12 ಕೊರತೆ, ಮರೆವಿನ ಕಾಯಿಲೆಯೂ ಹೀಗೇ ಕಾಣಬಹುದು. ಪರೀಕ್ಷಿಸದೆ ಖಚಿತವಾಗಿ ಹೇಳಲಾಗದು.

ಮೊದಲು ಟಿಎಸ್‌ಎಚ್ (ಥೈರಾಯ್ಡ್ ನೋಡುವ ಪರೀಕ್ಷೆ), ಬಿ12, ಹಿಮೋಗ್ಲೋಬಿನ್, ಸಕ್ಕರೆ, ಸೋಡಿಯಂ ರಕ್ತಪರೀಕ್ಷೆ ಮಾಡಿಸಿ. ಆಮೇಲೆ ಆ ವರದಿ, ಈಗ ನುಂಗುತ್ತಿರುವ ಮಾತ್ರೆಗಳೆಲ್ಲ ಹಿಡಿದು ಮಡಿಕೇರಿ ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರಿಗೆ ತೋರಿಸಿ. ಖಿನ್ನತೆಗೆ ಮಾತ್ರೆ ಕೊಟ್ಟರೆ ಗುಣ ಕಾಣಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಎರಡನೇ ವಾರಕ್ಕೇ 'ಏನೂ ಆಗಲಿಲ್ಲ' ಅಂತ ಬಿಡಿಸಬೇಡಿ. ಶುರುವಿನಲ್ಲಿ ಗೊಂದಲ, ತೂರಾಡುವುದು ಕಂಡರೆ ಮಾತ್ರೆಯಿಂದ ರಕ್ತದ ಸೋಡಿಯಂ ಇಳಿದಿರಬಹುದು, ತಕ್ಷಣ ಮತ್ತೆ ನೋಡಿಸಿ.

ಬೆಂಗಳೂರು ಈಗಲೇ ಬೇಡ. ನೀವು ಕೆಲಸಕ್ಕೆ ಹೋದರೆ ಫ್ಲ್ಯಾಟಿನಲ್ಲೂ ಅವರು ಒಂಟಿಯೇ, ಮೇಲಾಗಿ ಒಕ್ಕದವರೂ (ಕುಲದ ನೆಂಟರೂ) ಇಲ್ಲ, ತೋಟವೂ ಇಲ್ಲ. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುವುದರಿಂದ ಫೋನೊಂದನ್ನೇ ನೆಚ್ಚಬೇಡಿ: ನಡೆದು ಬರುವಷ್ಟು ಹತ್ತಿರದ ಇಬ್ಬರಿಗೆ ಅಮ್ಮನನ್ನು ನೋಡಿಬರುವ ದಿನ ಹಂಚಿಕೊಡಿ. 'ಹೋಗಿ ಬನ್ನಿ' ಅಂದರೆ ಅಮ್ಮ ಹೊರಡುವುದಿಲ್ಲ. ಸಂತೆಗೆ ಯಾರಾದರೂ ಮನೆಗೇ ಬಂದು ಕರೆದೊಯ್ಯಲಿ.

ತೋಟದ ಕೀಟನಾಶಕ, ಕೋವಿ ಇವತ್ತೇ ಬೇರೆ ಮನೆಗೆ ಸಾಗಿಸಿ. ಸಾಯುವ ಮಾತು ಬಂದರೆ ಒಬ್ಬರನ್ನೇ ಬಿಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416 ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.